ಮೇಜಿನ ಕೆಳಗಿಂದ ನೇರ ಪ್ರಸಾರ

ಆ ಶಾಲೆಯ ಸ್ಟಾಫ್ ರೂಮಿನಲ್ಲಿ ಫೋನ್ ಹೊಡೆದುಕೊಂಡರೆ ಯಾರೂ ಎತ್ತುತ್ತಿರಲಿಲ್ಲ. ಎತ್ತಿದವರ ತಲೆಗೇ ಕೆಲಸ ಕಟ್ಟುತ್ತಾರೆ ಎಂಬುದು ಗೋಡೆಗಳಿಗೂ ಗೊತ್ತಿತ್ತು. ಅಂದು ಬೆಳಿಗ್ಗೆಯೂ ಫೋನ್ ಕಿರುಚುತ್ತಿದ್ದಾಗ ಲೆಕ್ಕದ ಟೀಚರ್ ಕಿವುಡರಂತೆ ಪುಸ್ತಕ ತಿದ್ದುತ್ತಿದ್ದರು. ಪಿ.ಟಿ. ಮೇಷ್ಟ್ರು ಬಗ್ಗಿ, ಆಗಲೇ ಕಟ್ಟಿದ್ದ ಶೂ ಲೇಸನ್ನು ಮತ್ತೆ ಕಟ್ಟತೊಡಗಿದರು. ಹಾರಿ ಬಂದು ಫೋನ್ ಎತ್ತಿದವರು ಮೂರನೇ ಕ್ಲಾಸಿನ ಮೇಷ್ಟ್ರು.

ಅವರಿಗೆ ಕಾರಣವಿತ್ತು. ಅವರ ಹೆಂಡತಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್. ಮಗಳು ಅಲ್ಲೇ ಹುಟ್ಟಿ, ಅಲ್ಲೇ ಮಾತು ಕಲಿತು, ಅಪ್ಪ ಎಂದರೆ ಮೊಬೈಲಿನೊಳಗೆ ವಾಸಿಸುವ ಒಂದು ಮುಖ ಎಂದು ನಂಬಿದ್ದಳು. ಆ ಊರಿಗೆ ವರ್ಗ ಕೇಳಿ ಮೇಷ್ಟ್ರು ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆದಿದ್ದವು. ಎಲ್ಲಾ ಆಗಿ ಶಿಕ್ಷಣಾಧಿಕಾರಿಗಳ ಒಂದು ಸಹಿ ಮಾತ್ರ ಬಾಕಿ. ಅದಾದರೆ ಫೋನ್ ಮಾಡುತ್ತೇವೆ ಎಂದಿದ್ದರು.

“ಹಲೋ! ಆಯ್ತಾ ಸಾರ್?” ಎಂದರು ಮೇಷ್ಟ್ರು.

“ಆಯ್ತು ಸಾರ್, ನಿಮ್ ಶಾಲೇನೇ ಆಯ್ಕೆ ಆಯ್ತು!” ಎಂದಿತು ಒಂದು ಹೆಣ್ಣು ದನಿ. “ಟೀವಿಯಿಂದ ಮಾತಾಡ್ತಿರೋದು. ಇವತ್ತು ಮಧ್ಯಾಹ್ನದ ವಾರ್ತೆ ನಿಮ್ ಶಾಲೆಯಿಂದ ಲೈವ್. ನಿಮ್ಮ ಒಂದು ಮಗು ಶಾಲೆ ಸುದ್ದಿ ಓದ್ಬೇಕು. ಬೇರೆ ಶಾಲೆಯೋರು ಒಪ್ಕೊಂಡಿದ್ರು, ಕೊನೇ ಗಳಿಗೇಲಿ ಕೈಕೊಟ್ರು. ನಮ್ಮ ಗಾಡಿ ಹೊರಟಾಯ್ತು, ನಿಮ್ಮ ಅಧಿಕಾರಿಗಳಿಗೂ ಹೇಳಿದೀವಿ, ಅವರೂ ಬರ್ತಾರೆ.”

ಮೇಷ್ಟ್ರು ಬೇಡ ಎನ್ನುವಷ್ಟರಲ್ಲಿ ಲೈನ್ ಕಟ್ಟಾಯಿತು.

ಸುದ್ದಿ ಕೇಳಿ ಹೆಡ್ ಮೇಡಂ ಕುರ್ಚಿಯಿಂದ ಎದ್ದರು, ಕುಳಿತರು, ಮತ್ತೆ ಎದ್ದರು. “ಲೈವಾ? ನನ್ನ ಶಾಲೇಲಾ? ಮೇಷ್ಟ್ರೇ, ಫೋನ್ ಎತ್ತಿದೋರು ನೀವು. ಎಲ್ಲಾ ಜವಾಬ್ದಾರಿ ನಿಮ್ಮದೇ!” ಮೇಷ್ಟ್ರ ಮುಖ ಬಾಡಿದ್ದು ಕಂಡು ದನಿ ತಗ್ಗಿಸಿದರು. “ನೋಡಿ, ಅಧಿಕಾರಿಗಳು ಖುದ್ದಾಗಿ ಬರ್ತಿದಾರೆ. ಕಾರ್ಯಕ್ರಮ ಚೆನ್ನಾಗಾದ್ರೆ ಅವರ ಮನಸ್ಸು ಹಗುರವಾಗಿರತ್ತೆ. ಆಗ ಸಹಿ ವಿಷಯ ನಾನೇ ಎತ್ತುತ್ತೀನಿ.”

ಅಷ್ಟು ಸಾಕಾಯಿತು. ಮೇಷ್ಟ್ರು ಬಾಲಕ್ಕೆ ಬೆಂಕಿ ಬಿದ್ದವರಂತೆ ಓಡಾಡತೊಡಗಿದರು.

ಇಡೀ ಶಾಲೆಯಲ್ಲಿ ಜೀವ ಇದ್ದ ಒಂದೇ ಪ್ಲಗ್ ಪಾಯಿಂಟ್ ಮೂರನೇ ಕ್ಲಾಸಿನಲ್ಲಿತ್ತು. ಆದ್ದರಿಂದ ಅದೇ ಸ್ಟುಡಿಯೋ ಆಯಿತು. ಹಿಂದಿನ ಗೋಡೆ ಸುಣ್ಣ ಉದುರಿ ತೊನ್ನು ಹತ್ತಿದಂತಿತ್ತು. ಅದಕ್ಕೊಂದು ಭೂಪಟ ಬಿತ್ತು. ಮೇಜಿನ ಒಂದು ಕಾಲು ಗಿಡ್ಡ. ಅದಕ್ಕೊಂದು ಇಟ್ಟಿಗೆ ಬಿತ್ತು. ಇಟ್ಟಿಗೆ ಕಾಣಬಾರದೆಂದು ಹೆಡ್ ಮೇಡಂ ತಮ್ಮ ಕೊಠಡಿಯ ಹಸಿರು ಪರದೆಯನ್ನೇ ಕಿತ್ತು ತಂದು ಮೇಜಿಗೆ ನೆಲದವರೆಗೆ ಹೊದಿಸಿದರು.

ಸುದ್ದಿ ಓದುವವರು ಯಾರು ಎಂಬಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. “ಫಸ್ಟ್ ಬಂದ ಹುಡುಗೀನ ಕೂರ್ಸಿ” ಎಂದರು ಲೆಕ್ಕದ ಟೀಚರ್. “ಬೇಡ, ಗಂಟಲು ಜೋರಿರೋ ಹುಡುಗ ಬೇಕು” ಎಂದರು ಪಿ.ಟಿ. ಮೇಷ್ಟ್ರು. “ಚೆಂದ ಇರೋ ಮಗು ಬೇಕು ಕಣ್ರಪ್ಪಾ, ಟೀವಿ ಅಂದ್ರೆ ನೋಡೋಕಲ್ವಾ?” ಎಂದರು ಕಸ ಗುಡಿಸುತ್ತಿದ್ದ ಆಯಮ್ಮ.

ಮೇಷ್ಟ್ರಿಗೆ ಮಾತ್ರ ಅನುಮಾನವಿರಲಿಲ್ಲ. ಅವರ ಕ್ಲಾಸಿನಲ್ಲಿ ಚಿನಕುರುಳಿ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗಿಯೊಬ್ಬಳಿದ್ದಳು. ಬಾಯಿಗೆ ಬೀಗ ಜಡಿದರೆ ಬೀಗವನ್ನೂ ಮಾತಿಗೆಳೆಯುವವಳು. ಸುದ್ದಿಯನ್ನು ಒಂದು ಸಲ ಹೇಳಿಕೊಟ್ಟದ್ದೇ ತಡ, ತನ್ನದೂ ನಾಲ್ಕು ಸೇರಿಸಿ ಒಪ್ಪಿಸಿಬಿಟ್ಟಳು.

ಅಷ್ಟರಲ್ಲಿ ನೆತ್ತಿಯ ಮೇಲೆ ಕೊಡೆ ಮಗುಚಿಕೊಂಡಂತಿದ್ದ ವ್ಯಾನು ಗೇಟಿನೊಳಗೆ ಬಂತು. ಮಕ್ಕಳೆಲ್ಲ ಬೆಲ್ಲ ಕಂಡ ಇರುವೆಗಳಂತೆ ಮುತ್ತಿಕೊಂಡರು. ವ್ಯಾನಿನಿಂದ ಇಳಿದ ವರದಿಗಾರ್ತಿ ಒಂದು ಕಿವಿಯಲ್ಲಿ ಸ್ಟುಡಿಯೋ, ಇನ್ನೊಂದು ಕಿವಿಯಲ್ಲಿ ಫೋನ್ ಇಟ್ಟುಕೊಂಡು ಮೂರನೆಯವರೊಂದಿಗೆ ಮಾತಾಡುತ್ತಿದ್ದಳು. ಕ್ಯಾಮೆರಾದವನು ಮಾತೇ ಆಡದೆ ಉದ್ದಕ್ಕೂ ಕಪ್ಪು ಕೇಬಲ್ ಎಳೆದ. ಅವನು ಈ ತುದಿಯಿಂದ ಎಳೆದು ಮುಗಿಸುವಷ್ಟರಲ್ಲಿ ಆಯಮ್ಮ ಆ ತುದಿಯಿಂದ ಅಚ್ಚುಕಟ್ಟಾಗಿ ಸುತ್ತಿ, ಮೂಲೆಯಲ್ಲಿಟ್ಟು, “ಮಕ್ಕಳು ಎಡವ್ತಾರೆ ಕಣಪ್ಪ” ಎಂದರು.

ದೀಪ ಹಾಕಿದರು. ಫ್ಯೂಸ್ ಹೋಯಿತು. ಮೇಷ್ಟ್ರು ಸ್ಟೂಲ್ ಹತ್ತಿ ಫ್ಯೂಸ್ ಹಾಕಿದರು. ಯಾರೋ ಕ್ಲಾಸ್ ಮುಗಿಯಿತೆಂದು ಗಂಟೆ ಹೊಡೆದರು. “ಸದ್ದು! ಸದ್ದು!” ಎಂದು ವರದಿಗಾರ್ತಿ ಚೀರಿದಳು. ಮಕ್ಕಳನ್ನು ಸುಮ್ಮನಿರಿಸುವ ಹೊಣೆ ಪಿ.ಟಿ. ಮೇಷ್ಟ್ರಿಗೆ ಬಿತ್ತು. ಅವರು ಅಂಗಳದಲ್ಲಿ ನಿಂತು, ಸದ್ದು ಮಾಡಬಾರದು ಎಂದು ಕಿವಿ ತಮಟೆ ಹರಿಯುವಂತೆ ಸೀಟಿ ಊದತೊಡಗಿದರು.

ಈ ಗದ್ದಲದ ನಡುವೆ ಅಧಿಕಾರಿಗಳ ಕಾರು ಬಂತು. ಅವರು ಗಾತ್ರದಲ್ಲಿ ದೊಡ್ಡವರು, ಬೂಟುಗಳಲ್ಲಿ ಇನ್ನೂ ದೊಡ್ಡವರು. ನೇರವಾಗಿ ಬಂದು ಮೇಜಿನ ಹಿಂದೆ, ಚಿನಕುರುಳಿಯ ಪಕ್ಕದಲ್ಲೇ ಆಸೀನರಾಗಿ, ಕ್ಯಾಮೆರಾ ಯಾವ ಕಡೆ ಎಂದು ಕೇಳಿ ಆ ಕಡೆ ನಗತೊಡಗಿದರು.

“ಒಂದ್ಸಲ ಟ್ರಯಲ್” ಎಂದಳು ವರದಿಗಾರ್ತಿ. ಕ್ಯಾಮೆರಾದ ಮೇಲೆ ಕೆಂಪು ದೀಪ ಹತ್ತಿತು.

ಚಿನಕುರುಳಿ ಆ ದೀಪವನ್ನು ನೋಡಿದಳು. ಬಾಯಿ ತೆರೆದಳು. ಬಾಯಿ ತೆರೆದೇ ಇತ್ತು.

“ಹೇಳು ಪುಟ್ಟಿ.”

ಇಲ್ಲ. ಹುಟ್ಟಿದಾಗಿನಿಂದ ಮುಚ್ಚಿರದ ಬಾಯಿ ಈಗ ತೆರೆದೂ ಕಲ್ಲಾಗಿತ್ತು. ಬೇರೆ ಮಗುವನ್ನು ಕೂರಿಸಿ ಕಲಿಸಲು ಸಮಯವಿಲ್ಲ; ಕಾಗದ ನೋಡಿ ಓದಿದರೆ ಕಣ್ಣು ಕೆಳಗಿಳಿಯುತ್ತದೆ, ಅದೂ ಆಗದು ಎಂದಳು ವರದಿಗಾರ್ತಿ. ಹೆಡ್ ಮೇಡಂ ಮೇಷ್ಟ್ರನ್ನು ಒಮ್ಮೆ ನೋಡಿದರು. ಆ ನೋಟದಲ್ಲಿ ಸಹಿ ಇಲ್ಲದ ವರ್ಗದ ಆದೇಶ ಗಾಳಿಗೆ ಹಾರಿಹೋಗುತ್ತಿರುವುದು ಕಂಡಿತು.

“ಸಾರ್, ನೀವು ಹತ್ರ ಇದ್ರೆ ಹೇಳ್ತೀನಿ” ಎಂದು ಪಿಸುಗುಟ್ಟಿದಳು ಚಿನಕುರುಳಿ.

ಹತ್ತಿರ ಇರಲು ಒಂದೇ ಜಾಗವಿತ್ತು. ಅಧಿಕಾರಿಗಳು ಕ್ಯಾಮೆರಾದ ಮುಂದೆ ಕೂದಲು ಬಾಚಿಕೊಳ್ಳುತ್ತಿದ್ದಾಗ ಮೇಷ್ಟ್ರು ಹಸಿರು ಪರದೆ ಎತ್ತಿ ಮೇಜಿನ ಕೆಳಗೆ ನುಸುಳಿದರು.

“ನಾನು ಹೇಳಿದ್ದನ್ನ ಹೇಳ್ತಾ ಹೋಗು” ಎಂದರು ಒಳಗಿನಿಂದ.

“ಎಲ್ಲಾನೂ?”

“ಎಲ್ಲಾನೂ. ಒಂದಕ್ಷರ ಬಿಡಬಾರದು!”

ಕೆಂಪು ದೀಪ ಮತ್ತೆ ಹತ್ತಿತು. ಈ ಸಲ ನಿಜವಾಗಿ. ದೂರದ ಸ್ಟುಡಿಯೋದಿಂದ ನಿರೂಪಕ ನಮಸ್ಕಾರ ಹೇಳಿದ. ಮೇಜಿನ ಕೆಳಗಿಂದ ಪಿಸುಮಾತು ಬಂತು. ಮೇಲಿಂದ ಚಿನಕುರುಳಿ ಗಂಟೆ ಬಾರಿಸಿದಂತೆ ನುಡಿದಳು:

“ವೀಕ್ಷಕರಿಗೆ ನಮಸ್ಕಾರ. ನಮ್ಮ ಶಾಲೆಯ ಮುಖ್ಯಾಂಶಗಳು. ಶಾಲೆಯ ಗ್ರಂಥಾಲಯಕ್ಕೆ ಹೊಸ ಪುಸ್ತಕಗಳು ಬಂದಿವೆ.”

ಹೆಡ್ ಮೇಡಂ ಕಣ್ಣಲ್ಲಿ ನೀರಾಡಿತು. ಕಿಟಕಿಗಳಲ್ಲಿ ಮಕ್ಕಳ ತಲೆಗಳು ದಟ್ಟವಾದವು. ಮೇಜಿನ ಕೆಳಗೆ ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ಅದೇ ಹೊತ್ತಿಗೆ ಅಧಿಕಾರಿಗಳು ಇನ್ನಷ್ಟು ಗಾಂಭೀರ್ಯದಿಂದ ಕೂರಲೆಂದು ಕಾಲು ಮುಂದೆ ಚಾಚಿ ಊರಿದರು. ಊರಿದ್ದು ಮೇಷ್ಟ್ರ ಬೆರಳುಗಳ ಮೇಲೆ.

“ಅಯ್ಯೋ ಬೆರಳು!” ಎಂದರು ಮೇಷ್ಟ್ರು ಹಲ್ಲು ಕಚ್ಚಿ.

“ಅಯ್ಯೋ ಬೆರಳು” ಎಂದಳು ಚಿನಕುರುಳಿ, ವಾರ್ತೆಯ ದನಿಯಲ್ಲಿ.

“ಅದನ್ನ ಹೇಳಬೇಡ ಕಣೇ!”

“ಅದನ್ನ ಹೇಳಬೇಡ ಕಣೇ.”

ಸ್ಟುಡಿಯೋದ ನಿರೂಪಕ ತಬ್ಬಿಬ್ಬಾದ. ಬೂಟು ಇನ್ನೂ ಒತ್ತಿತು. ನೋವಿನಲ್ಲಿ ಮೇಷ್ಟ್ರಿಗೆ ತಾನೆಲ್ಲಿದ್ದೇನೆ ಎಂಬುದೇ ಮರೆತುಹೋಯಿತು. “ಈ ಮನುಷ್ಯ ಕೂತಲ್ಲಿಂದ ಏಳೋದೇ ಇಲ್ವಲ್ಲಪ್ಪಾ! ನನ್ನ ವರ್ಗದ ಕಾಗದದ ಮೇಲೂ ಹಿಂಗೇ ಕೂತಿದಾನೆ. ಒಂದು ಸಹಿ ಹಾಕಕ್ಕೆ ಏನು ರೋಗ? ನನ್ನ ಮಗಳು ನನ್ನ ಎತ್ಕೋ ಅನ್ನೋ ವಯಸ್ಸು ದಾಟಿಹೋಗತ್ತೆ!”

ಚಿನಕುರುಳಿ ಒಂದಕ್ಷರ ಬಿಡಲಿಲ್ಲ.

ಅಧಿಕಾರಿಗಳು ನಿಧಾನವಾಗಿ ಬಗ್ಗಿ ಪರದೆ ಎತ್ತಿದರು. ಮೌನವಾಗಿದ್ದ ಕ್ಯಾಮೆರಾದವನು, ಬದುಕಿನಲ್ಲಿ ಮೊದಲ ಸಲವೇನೋ ಎಂಬಂತೆ, “ಅಬ್ಬಬ್ಬಾ!” ಎಂದು ಕ್ಯಾಮೆರಾವನ್ನು ಕೆಳಗಿಳಿಸಿದ. ತಲೆಗೆ ಜೇಡರ ಬಲೆ ಸುತ್ತಿಕೊಂಡು ಬೆರಳು ಊದುತ್ತಿದ್ದ ಮೇಷ್ಟ್ರು ಮನೆ ಮನೆಯಲ್ಲೂ ಕಾಣಿಸಿಕೊಂಡರು.

ವರದಿಗಾರ್ತಿಯ ಕಣ್ಣು ಹೊಳೆಯಿತು. “ವೀಕ್ಷಕರೇ, ಇದೀಗ ಬಂದ ಸುದ್ದಿ!” ಎಂದು ಮೈಕನ್ನು ಮೇಜಿನ ಕೆಳಗೆ ತೂರಿಸಿದಳು. ಇನ್ನು ಮುಚ್ಚಿಡಲು ಏನಿತ್ತು? ಮೇಷ್ಟ್ರು ಹೆಂಡತಿ, ಮಗಳು, ಅಲೆದಾಟ ಎಲ್ಲವನ್ನೂ ಕುಳಿತಲ್ಲಿಂದಲೇ ಹೇಳಿದರು. ಲೆಕ್ಕದ ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅಧಿಕಾರಿಗಳೇ, ಜನ ನೋಡ್ತಿದಾರೆ. ಏನು ಹೇಳ್ತೀರಿ?”

ಅಧಿಕಾರಿಗಳ ಮುಖ ಕೆಂಪಾಗಿ, ಬಿಳಿಚಿ, ಕೊನೆಗೆ ಒಂದು ವಿಶಾಲ ನಗೆಗೆ ಬಂದು ನಿಂತಿತು. “ಇದು ನನ್ನ ಗಮನಕ್ಕೇ ಬಂದಿರ್ಲಿಲ್ಲ. ಕಾರಲ್ಲಿ ಫೈಲ್ ಇದೆ, ತರ್ಸಿ. ಇಲ್ಲೇ, ಈಗಲೇ ಸಹಿ ಹಾಕ್ತೀನಿ!”

ಚಪ್ಪಾಳೆ ಮುಗಿಲು ಮುಟ್ಟಿತು. ಪಿ.ಟಿ. ಮೇಷ್ಟ್ರು ಸೀಟಿಯನ್ನೇ ಊದಿಬಿಟ್ಟರು. ಫೈಲ್ ಬಂತು. ಅಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದರು. ಮೇಷ್ಟ್ರು ಮನಸ್ಸಿನಲ್ಲೇ ಹಾಸಿಗೆ ಸುತ್ತಿ, ಮನೆ ಖಾಲಿ ಮಾಡಿ, ಬಸ್ಸಿನ ಕಿಟಕಿ ಪಕ್ಕದ ಸೀಟೂ ಹಿಡಿದಾಗಿತ್ತು.

ವರದಿಗಾರ್ತಿ ಮಗುವಿನತ್ತ ತಿರುಗಿದಳು. “ಪುಟ್ಟಿ, ನಿಮ್ಮ ಸಾರ್ ಊರಿಗೆ ಹೊರಟ್ರು. ಖುಷಿನಾ?”

ಚಿನಕುರುಳಿ ಅಭ್ಯಾಸದಂತೆ ಮೇಜಿನ ಕೆಳಗೆ ನೋಡಿದಳು. ಅಲ್ಲಿಂದ ಯಾವ ಪಿಸುಮಾತೂ ಬರಲಿಲ್ಲ. ಆಮೇಲೆ ಕಟ್ಟೆ ಒಡೆಯಿತು.

“ಇಲ್ಲ! ನಂ ಸಾರ್ ಹೋಗ್ಬಾರ್ದು! ನಂಗೆ ಕಳೆಯೋ ಲೆಕ್ಕ ಬರಲ್ಲ, ಸಾರ್ ಬಿಟ್ರೆ ಯಾರು ಹೇಳ್ಕೊಡ್ತಾರೆ? ಜ್ವರ ಬಂದಾಗ ಸಾರೇ ನನ್ನ ಹೊತ್ಕೊಂಡು ಹೋಗಿ ಮನೇಗ್ ಬಿಟ್ರು! ಸಾರ್ ಹೋದ್ರೆ ನಾನು ಶಾಲೇಗೇ ಬರಲ್ಲ!” ಎನ್ನುತ್ತಾ ಮೇಜಿನ ಕೆಳಗೆ ಧುಮುಕಿ ಮೇಷ್ಟ್ರ ಕತ್ತು ಹಿಡಿದುಕೊಂಡಳು.

ಕಿಟಕಿಯ ತಲೆಗಳೆಲ್ಲ ಒಟ್ಟಿಗೆ ಅಳತೊಡಗಿದವು. ಬಾಗಿಲು ದಾಟಿ ಮಕ್ಕಳ ಪ್ರವಾಹ ಒಳನುಗ್ಗಿತು. ಸ್ಟುಡಿಯೋದ ನಿರೂಪಕನೂ ಮೂಗೊರೆಸಿಕೊಂಡು ಹೇಳಿದ: “ವೀಕ್ಷಕರ ಸಂದೇಶಗಳು ಸುರೀತಿವೆ… ಎಲ್ಲರೂ ಕೇಳ್ತಿರೋದು ಒಂದೇ, ಮಕ್ಕಳಿಂದ ಈ ಮೇಷ್ಟ್ರನ್ನ ಕಿತ್ಕೋಬೇಡಿ…”

ಅಧಿಕಾರಿಗಳ ಪೆನ್ನು ಗಾಳಿಯಲ್ಲೇ ನಿಂತಿತು. ಅವರು ಕ್ಯಾಮೆರಾ ನೋಡಿದರು, ಮಕ್ಕಳನ್ನು ನೋಡಿದರು, ಮತ್ತೆ ಕ್ಯಾಮೆರಾ ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು.

“ಮಕ್ಕಳ ಕಣ್ಣೀರಿಗಿಂತ ದೊಡ್ಡ ಆದೇಶ ಇಲ್ಲ” ಎಂದರು ಗದ್ಗದಿತರಾಗಿ. “ಇಡೀ ನಾಡಿನ ಮುಂದೆ ಮಾತು ಕೊಡ್ತೀನಿ. ನಾನು ಇರೋವರೆಗೂ ಈ ಮೇಷ್ಟ್ರನ್ನ ಈ ಶಾಲೆಯಿಂದ ಯಾರೂ ಅಲ್ಲಾಡಿಸೋಕಾಗಲ್ಲ!”

ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಹೆಡ್ ಮೇಡಂ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಮೇಷ್ಟ್ರ ಕಣ್ಣಿಂದ ನೀರು ಧಾರೆಧಾರೆಯಾಗಿ ಇಳಿಯಿತು. ಕ್ಯಾಮೆರಾ ಅವರ ಮುಖದ ತೀರಾ ಹತ್ತಿರ ಬಂತು.

“ನೋಡಿ ವೀಕ್ಷಕರೇ” ಎಂದಳು ವರದಿಗಾರ್ತಿ, “ಆನಂದಬಾಷ್ಪ!”

ವ್ಯಾನು ಹೊರಟು, ಮಕ್ಕಳು ಚದುರಿ, ಆಯಮ್ಮ ಇಟ್ಟಿಗೆಯನ್ನು ಹೊರಗೆಸೆದ ಮೇಲೆ ಮೇಷ್ಟ್ರ ಜೇಬಿನಲ್ಲಿ ಮೊಬೈಲ್ ನಡುಗಿತು. ಹೆಂಡತಿ.

“ಟೀವೀಲಿ ನೋಡಿದ್ಯಾ?” ಎಂದರು ಮೇಷ್ಟ್ರು.

“ನೋಡ್ದೆ ರೀ. ವಾರ್ಡಿನ ಟೀವೀಲೇ ನೋಡ್ದೆ. ನನಗೂ ಅಳು ತಡೆಯೋಕಾಗ್ಲಿಲ್ಲ.” ಆಕೆ ಮೂಗೇರಿಸಿದಳು. “ಡಾಕ್ಟರಿಂದ ಹಿಡ್ದು ರೋಗಿಗಳವರೆಗೂ ಎಲ್ಲಾ ಬಂದು, ಪುಣ್ಯವಂತೆ ಕಣಮ್ಮ, ಅಂತ ನನ್ನ ಕೈ ಕುಲುಕಿ ಹೋದ್ರು.”