ಮರವಿಲ್ಲದ ಗಿಟಾರು

ನಮ್ಮ ಸೋದರಮಾವನ ಮನೆಯಲ್ಲಿ ಹುಡುಕಿದರೂ ಒಂದು ಹಲ್ಲುಕಡ್ಡಿ ಸಿಗುತ್ತಿರಲಿಲ್ಲ. ಬಡತನವೇ? ಅಲ್ಲ. ಜಿಪುಣತನವೇ? ಅದೂ ಅಲ್ಲ. ಹಲ್ಲುಕಡ್ಡಿ ಮರದ್ದು, ಅದಕ್ಕೆ!

ಮಾವ ಹುಣಸೂರಿನ ಸರ್ಕಾರಿ ಮರದ ಡಿಪೋದಲ್ಲಿ ಗುಮಾಸ್ತರು. ಸುತ್ತಲ ಕಾಡಿನ ತೇಗ, ಹೊನ್ನೆ, ಬೀಟೆಯ ದಿಮ್ಮಿಗಳೆಲ್ಲ ಅವರ ಮೇಜಿನ ಮುಂದೆಯೇ ಬಂದು ಮಲಗುತ್ತಿದ್ದವು. ಡಿಪೋ ನೌಕರರ ಮನೆಗೆ ಹೋದವರು ಮೊದಲು ಬಾಗಿಲು ನೋಡುತ್ತಾರೆ, ಆಮೇಲೆ ಮಂಚ ನೋಡುತ್ತಾರೆ, ಆಮೇಲೆ ಒಂದು ನಗೆ ನಗುತ್ತಾರೆ. ಆ ನಗೆಗೆ ಹೆದರಿ ಮಾವ ತಮ್ಮ ಮನೆಯಿಂದ ಮರವನ್ನೇ ಗಡೀಪಾರು ಮಾಡಿದ್ದರು. ಮಂಚ ಕಬ್ಬಿಣ, ಕುರ್ಚಿ ಕಬ್ಬಿಣ, ಬಾಗಿಲು ತಗಡು. ಗಾಳಿ ಬೀಸಿದರೆ ಇಡೀ ಮನೆ ಗುಡುಗುತ್ತಿತ್ತು!

"ಕಬ್ಬಿಣದ ಸಲಾಕೆ ಹಿಡ್ಕೊಂಡು ಮುದ್ದೆ ತಿರುವೋಳು ಇಡೀ ಹುಣಸೂರಿಗೆ ನಾನೊಬ್ಳೇ ಕಣೋ" ಎಂದು ಅತ್ತೆ ನನ್ನೆದುರು ಕಣ್ಣೊರೆಸಿಕೊಂಡಿದ್ದರು. ಅವರ ಮುದ್ದೆ ಕೋಲೂ ಗಡೀಪಾರಾಗಿತ್ತು.

ಡಿಪೋದ ಕಾವಲುಗಾರ ಹನಗೋಡಿನವನು. ಅವನದು ಬೇರೆ ಚಿಂತೆ. "ಬುಡಿ ಸ್ವಾಮಿ, ನಿಮ್ಮನೇಗೆ ಗೆದ್ಲು ಬಂದ್ರೆ ಉಪಾಸ ಸಾಯ್ತದೆ!"

ಇಂಥ ಮನುಷ್ಯನಿಗೆ ಒಂದು ದಿನ ಗಿಟಾರಿನ ಹುಚ್ಚು ಹಿಡಿಯಿತು. ಕೊಡಗಿನ ಕಡೆಯ ಕಾಫಿ ತೋಟದವರೊಬ್ಬರು ಪರ್ಮಿಟ್ಟಿಗೆಂದು ಡಿಪೋಗೆ ಬಂದಾಗ ಅವರ ಜೀಪಿನಲ್ಲಿ ಒಂದು ಗಿಟಾರಿತ್ತು. ಕಾಗದ ತಯಾರಾಗುವವರೆಗೆ ಸುಮ್ಮನೆ ಕೂರಲಾರದೆ ಅವರು ಅದನ್ನು ನುಡಿಸಿದರು. ಮಾವ ಸಹಿ ಹಾಕುವುದನ್ನೇ ಮರೆತರು. ಹೊರಡುವಾಗ ತೋಟದವರು ಗಿಟಾರಿನ ಬೆನ್ನು ತಟ್ಟಿ, "ಇದು ಬೀಟೆ ಕಣ್ರೀ. ನಿಮ್ಮ ಕಾಡಿಂದೇ ಹಡಗು ಹತ್ತಿ ಹೋಗಿ, ಗಿಟಾರಾಗಿ ವಾಪಸ್ ಬಂದಿರಬೇಕು" ಎಂದರಂತೆ.

ಅವತ್ತಿನಿಂದ ಮಾವನಿಗೆ ಗಿಟಾರು ಬೇಕು. ಕೊಂಡರೆ ಅದು ಮರದ್ದು. ಹಾಗಾದರೆ? ತಾವೇ ಮಾಡುವುದು, ಮರವಿಲ್ಲದೆ!

ನಾನು ಆಗ ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ರಜೆಗೆ ಬಂದವನನ್ನು ಮಾವ ವೈಜ್ಞಾನಿಕ ಸಲಹೆಗಾರನನ್ನಾಗಿ ನೇಮಿಸಿಕೊಂಡರು. ಮೊದಲನೆಯದು ಹಾರ್ಡ್‌ಬೋರ್ಡಿನದು. ಅರ್ಧ ಮುಗಿದಾಗ, "ಇದನ್ನ ಯಾತರಿಂದ ಮಾಡ್ತಾರೋ?" ಎಂದರು. "ಮರದ ಪುಡಿಯಿಂದ" ಎಂದೆ. ಅದು ಆ ಕ್ಷಣವೇ ಬೀದಿಗೆ ಹೋಯಿತು. ಒಂದು ಎಮ್ಮೆ ಮೂಸಿ ನೋಡಿ, ತನಗೂ ಬೇಡವೆಂದು ನಡೆಯಿತು.

ಎರಡನೆಯದು ಸೀಮೆಎಣ್ಣೆ ಡಬ್ಬದ್ದು. ಮಾವ ಜಗಲಿಯಲ್ಲಿ ಕೂತು ನಾಲ್ಕು ಸಲ ಮೀಟಿದರು. ಪಕ್ಕದ ಮನೆಯ ಮೂವರು ಹೆಂಗಸರು ಸೀಮೆಎಣ್ಣೆಯವನು ಬಂದನೆಂದು ಬಾಟಲಿ ಹಿಡಿದು ಓಡಿ ಬಂದರು!

ಮೂರನೆಯದೇ ಮೈಕಾ ಗಿಟಾರು. ಹೋಟೆಲಿನ ಮೇಜಿಗೆ ಅಂಟಿಸುತ್ತಾರಲ್ಲ, ಆ ಹಾಳೆ. ಕಾಗದಗಳನ್ನು ಅಂಟಿನಲ್ಲಿ ಅದ್ದಿ, ಒತ್ತಿ ಗಟ್ಟಿ ಮಾಡಿ, ಮೇಲೆ ಬೀಟೆ ಮರದ ಚಿತ್ರ ಅಚ್ಚು ಹಾಕಿರುತ್ತಾರೆ.

"ಮಾವ, ಕಾಗದವನ್ನು ಬಿದಿರಿನಿಂದ ಮಾಡ್ತಾರೆ" ಎಂದು ಎಚ್ಚರಿಸಿದೆ.

"ಬಿದಿರು ಹುಲ್ಲಿನ ಜಾತಿ ಕಣೋ! ಅದೇನು ಕಾಲೇಜೋ ನಿಂದು?"

ಬೆನ್ನಿಗೆ, ಪಕ್ಕೆಗೆ ಮೈಕಾ. ಎದೆಗೆ ಪ್ಲಾಸ್ಟಿಕ್ ಹಾಳೆ. ಕುತ್ತಿಗೆಗೆ ಅಲ್ಯೂಮಿನಿಯಂ ಕೊಳವೆ. ಅಂಟು ಮಾತ್ರ ನಿಲ್ಲಲಿಲ್ಲ. ಆಗ ನನ್ನ ವಿದ್ಯೆ ಜಾಗೃತವಾಯಿತು. ಹಳೆಯ ಸಿನಿಮಾ ಫಿಲಂ ಅನ್ನು ಥಿನ್ನರಿನಲ್ಲಿ ಕರಗಿಸಿದರೆ ಒಳ್ಳೆಯ ಅಂಟಾಗುತ್ತದೆ ಎಂದು ಹೇಳಿಕೊಟ್ಟವನು ನಾನೇ. ಟೆಂಟ್ ಸಿನಿಮಾದವರು ಹಳೆಯ ತುಂಡುಗಳನ್ನು ಚೀಲ ತುಂಬ ಕೊಟ್ಟರು. ಮಾವ ಉಳಿದ ಫಿಲಂ ಪಟ್ಟಿಯನ್ನು ಅಂಚಿನ ಸುತ್ತಲೂ ಅಂಟಿಸಿದರು. ಯಾವುದೋ ರಾಜ ಗಿಟಾರನ್ನು ಸುತ್ತುತ್ತಾ ನೂರು ಸಲ ಕತ್ತಿ ಎತ್ತಿದ್ದ!

ನಾದ? ಒದ್ದೆ ಹಪ್ಪಳ ಮುರಿದಂತಿತ್ತು. ಆದರೆ ಬೆನ್ನು ತಿರುಗಿಸಿದರೆ ಅಪ್ಪಟ ಬೀಟೆ.

ಅಷ್ಟು ಸಾಕಾಯಿತು. ಯಾರೋ ಪುಣ್ಯಾತ್ಮರು ಮೂಗರ್ಜಿ ಬರೆದರು, ಗುಮಾಸ್ತರು ಡಿಪೋದ ಬೀಟೆ ಕದ್ದು ವಾದ್ಯ ಮಾಡಿಸಿಕೊಂಡಿದ್ದಾರೆ ಎಂದು. ನಿಜವೆಂದಾದರೆ ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹದಿನೆಂಟು ವರ್ಷ ಕಬ್ಬಿಣದ ಮಂಚದ ಮೇಲೆ ಹೊರಳಿ ಉಳಿಸಿಕೊಂಡ ಹೆಸರು ಹೋಗುತ್ತಿತ್ತು.

ವಿಚಾರಣೆಗೆ ಬಂದ ಅರಣ್ಯ ಇಲಾಖೆಯ ರೇಂಜರು ಡಿಪೋದ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಗಿಟಾರಿನ ಬೆನ್ನ ಮೇಲೆ ಹೆಬ್ಬೆರಳು ಆಡಿಸಿ, "ಬೀಟೆ" ಎಂದು ಮಹಜರಿನಲ್ಲಿ ಬರೆದೇಬಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬೀಳುತ್ತಿದ್ದರು. ನಮ್ಮ ಮಾವ ಮದುವಣಿಗನ ಹಾಗೆ ನಾಚಿದರು!

"ನಿಜವಾಗ್ಲೂ ಬೀಟೆ ಥರ ಕಾಣುತ್ತಾ ಸರ್?"

"ಥರ ಏನ್ರೀ? ಬೀಟೆನೇ! ಇಪ್ಪತ್ತು ವರ್ಷ ಕಾಡಲ್ಲಿದ್ದೀನಿ."

"ಒಂದ್ಸಲ ಬಿಸಿಲಲ್ಲಿ ತಿರುಗಿಸಿ ನೋಡಿ ಸರ್..."

ಇವರು ಜೈಲಿಗೂ ಹೀಗೇ ನಾಚಿಕೊಂಡು ಹೋಗುತ್ತಾರೆ ಎನ್ನಿಸಿತು. "ಇದು ಮರವಲ್ಲ ಸರ್. ಸುಟ್ಟರೆ ವಾಸನೆಯಲ್ಲೇ ಗೊತ್ತಾಗುತ್ತದೆ" ಎಂದು ನಾನು ಮುಂದೆ ಬಂದೆ. 'ಇಲ್ಲಿ ಬೀಡಿ ಸೇದಬಾರದು' ಎಂಬ ಬೋರ್ಡಿನ ಕೆಳಗೆ ನಿಂತಿದ್ದ ಕಾವಲುಗಾರನ ಸೊಂಟದಿಂದ ಬೆಂಕಿಪೊಟ್ಟಣ ಹೊರಬಂತು. ನಾನು ಗಿಟಾರನ್ನು ಕೈಗೆ ತೆಗೆದುಕೊಂಡು, ಕಡ್ಡಿ ಗೀರಿ ಅದರ ಅಂಚಿಗೆ ಹಿಡಿದೆ.

ಅಂಚಿಗೆ! ಹಳೆಯ ಫಿಲಂ ಎಂದರೆ ಮದ್ದುಗುಂಡಿನ ಖಾಸಾ ತಮ್ಮ ಎಂಬುದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು!

ಭುಸ್ ಎಂದಿತು. ಕತ್ತಿ ಎತ್ತಿದ ರಾಜರೆಲ್ಲ ಒಬ್ಬರ ಹಿಂದೊಬ್ಬರು ಹೊತ್ತಿಕೊಂಡರು. ನಾನು ಕೈಬಿಟ್ಟೆ. ಕೆಳಗೆ ಬೇಸಿಗೆಗೆ ಒಣಗಿದ ತೊಗಟೆಯ ರಾಶಿ, ಎಡಕ್ಕೆ ತೇಗ, ಬಲಕ್ಕೆ ತೇಗ. "ಅಯ್ಯಯ್ಯೋ, ಡಿಪೋನೇ ಓಯ್ತಲ್ಲಪ್ಪೋ!" ಎಂದು ಕಾವಲುಗಾರ ಚೀರಿದ. ಗಿಟಾರು ನೆಲ ಮುಟ್ಟುವ ಮೊದಲೇ ಮಾವ ಎರಡೂ ಕೈಯಲ್ಲಿ ಹಿಡಿದರು. ಉರಿಯುವ ಗಿಟಾರನ್ನು ಮುಂದೆ ಚಾಚಿಕೊಂಡು, ದಿಮ್ಮಿಗಳ ನಡುವೆ ಓಡಿ, ದಿಮ್ಮಿ ಎಳೆಯುವ ಡಿಪೋ ಆನೆ ನೀರು ಕುಡಿಯುವ ತೊಟ್ಟಿಗೆ ಅದನ್ನು ಮುಳುಗಿಸಿದರು. ನೀರೊಳಗೂ ಅದು ಸ್ವಲ್ಪ ಹೊತ್ತು ಭುಸುಗುಟ್ಟಿ, ಆಮೇಲೆ ಸುಮ್ಮನಾಯಿತು.

ಮೂವತ್ತು ಹೆಜ್ಜೆ ಇರಬಹುದು. ಈಗಲೂ ಅವನ್ನು ಒಂದೊಂದಾಗಿ ಎಣಿಸುತ್ತೇನೆ. ಹದಿನೇಳನೆಯದರಲ್ಲಿ ಕಾಲು ಎಡವಿದ್ದರೆ? ಒಂದು ಕಿಡಿ ತೊಗಟೆಗೆ ಬಿದ್ದಿದ್ದರೆ? ಕಾಲೇಜು ನನಗೆ ಎಲ್ಲವನ್ನೂ ಕಲಿಸಿತ್ತು, ಆ ಒಂದು ಕ್ಷಣಕ್ಕೆ ಬೇಕಾದದ್ದರ ಹೊರತು.

ರೇಂಜರು ಬೆವರೊರೆಸಿಕೊಂಡು, "ಬೀಟೆ ಹಿಂಗೆ ಉರಿಯಲ್ಲ ಬಿಡ್ರೀ" ಎಂದು ಮಹಜರನ್ನು ಹರಿಯಹೊರಟರು.

"ಹರೀಬೇಡಿ ಸರ್" ಎಂದರು ಮಾವ, ಬೆಂದ ಕೈಗಳನ್ನು ತೊಟ್ಟಿಯಿಂದ ತೆಗೆಯದೆ. "ಬೀಟೆ ಅಂತ ಬರೆದ ಆ ಸಾಲು ನಂಗೆ ಕೊಟ್ಬಿಡಿ."

ರೇಂಜರು ನಕ್ಕರು. ಆಮೇಲೆ ಮೆತ್ತಗಾಗಿ, "ಒಂದು ಬೀಟೆ ತುಂಡು ಕಾಯಿದೆ ಪ್ರಕಾರವೇ ಮಂಜೂರು ಮಾಡಿಸ್ತೀನಿ. ನಿಜವಾದ ಗಿಟಾರನ್ನೇ ಮಾಡ್ಕೊಳ್ಳಿ" ಎಂದರು.

"ಬೇಡ ಸರ್. ಇವತ್ತು ತಗೊಂಡ್ರೆ, ನಾಳೆ ಆ ಮೂಗರ್ಜಿ ನಿಜ ಅನ್ನಿಸಿಬಿಡುತ್ತೆ."

ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು, ರಜೆ ಚೀಟಿ ಕೊಡಲು ಮತ್ತೆ ಡಿಪೋಗೆ ಬಂದೆವು. ಗೇಟಿನ ಹತ್ತಿರ ಆಗ ತಾನೇ ಇಳಿಸಿದ ಬೀಟೆ ದಿಮ್ಮಿಯೊಂದಿತ್ತು. ಮಾವ ಸುತ್ತ ನೋಡಿದರು. ಯಾರೂ ಇರಲಿಲ್ಲ. ಮೊಣಕಾಲೂರಿ, ದಿಮ್ಮಿಯ ತುದಿಗೆ ಕಿವಿ ಆನಿಸಿದರು.

"ಆ ಕಡೆಯಿಂದ ಬೆರಳಲ್ಲಿ ಬಡಿಯೋ. ನನ್ನ ಕೈ ಆಗಲ್ಲ."

ಬಡಿದೆ. ಮಾವ ಕಣ್ಣು ಮುಚ್ಚಿದರು.

"ಇನ್ನೂ ಮೆಲ್ಲಗೆ" ಎಂದರು.