ಹಲೋ ಎಂದವನು ನಾನು, ಕೇಳಿಸಿಕೊಂಡದ್ದು ಕಾರು

ನನ್ನ ಹಳೆಯ ಫೋನಿಗೆ ಇದ್ದದ್ದು ಒಂದೇ ದೋಷ. ಅದು ಕೆಡುತ್ತಿರಲಿಲ್ಲ. ಒಂಬತ್ತು ವರ್ಷ ನನ್ನ ಅಂಗಿಯ ಕಿಸೆಯಲ್ಲಿ ಸಂಸಾರ ಮಾಡಿದ ಆ ಬಟನ್ ಫೋನನ್ನು ನನ್ನ ಹೆಂಡತಿ ಜಲಜ ಒಮ್ಮೆ ಗಂಜಿಯ ಪಾತ್ರೆಗೆ ಬೀಳಿಸಿದಳು (ಕೈತಪ್ಪಿ ಬಿತ್ತೆಂದು ಹೇಳಿದವಳೂ ಅವಳೇ). ಅದು ಗಂಜಿಯೊಳಗಿಂದಲೇ ರಿಂಗಾಯಿತು. ಒರೆಸಿ ಕಿವಿಗಿಟ್ಟರೆ ಮಾತೂ ಬಂತು. ಆವತ್ತೇ ಅವಳು ಆಸೆ ಬಿಟ್ಟಳು.

ಬಿಡದವಳು ಮಗಳು ಸ್ವಾತಿ. ಕಾಲೇಜಿಗೆ ಹೋಗುವ ಹುಡುಗಿ.

"ಅಪ್ಪಯ್ಯ, ಅದ್ನ ಹೊರಗ್ ತೆಗೀಬೇಡಿ. ನನ್ ಫ್ರೆಂಡ್ಸ್ ಎಲ್ಲ ಅದ್ ಕ್ಯಾಲ್ಕ್ಯುಲೇಟರಾ ಅಂದೇಳಿ ಕೇಂತ್ರ್."

ಹೀಗೆ ಎರಡು ಸಾವಿರದ ಹದಿನೈದರ ಡಿಸೆಂಬರಿನಲ್ಲಿ, ಕುಂದಾಪುರದ ಪೇಟೆಯಲ್ಲಿ, ನನಗೆ ಅಂಗೈಯಗಲದ ಹೊಸ ಫೋನು ಪ್ರಾಪ್ತವಾಯಿತು. ಜೊತೆಗೆ ಕಿವಿಗೆ ಸಿಕ್ಕಿಸಿಕೊಳ್ಳುವ, ವೈರೇ ಇಲ್ಲದ ಒಂದು ಯಂತ್ರ. ನನ್ನದು ಬಲೆ, ಹಗ್ಗದ ಅಂಗಡಿ. ಹುಟ್ಟಿದಾರಭ್ಯ ಗಂಟು ಬಿಡಿಸಿಯೇ ಬದುಕಿದವನಿಗೆ ಹಗ್ಗವೇ ಇಲ್ಲದ ವಸ್ತುವೊಂದು ಸಿಕ್ಕಿದ್ದು ಮೋಕ್ಷ ಸಿಕ್ಕಿದ ಹಾಗೆ ಕಂಡಿತು.

ಆದರೆ ಗಂಟು ಎಂದರೆ ಕಣ್ಣಿಗೆ ಕಾಣುತ್ತದೆ. ಇದರದ್ದು ಕಾಣುವುದಿಲ್ಲ.

"ಈಗ ಇದ್ನ ಫೋನಿಗೆ ಪೇರ್ ಮಾಡ್ಕ್ ಅಪ್ಪಯ್ಯ. ಗುಂಡಿ ಒತ್ತಿ ಹಿಡ್ಕಣಿ. ಕೆಂಪು, ನೀಲಿ ಲೈಟ್ ಬಪ್ಪಲ್ವರಿಗೆ ಬಿಡ್ಬೇಡಿ."

ಹಿಡಿದೆ. ಲೈಟು ಬಂತು. ಫೋನಿನ ಪರದೆಯಲ್ಲಿ ನಾಲ್ಕಾರು ಹೆಸರುಗಳು ಸಾಲಾಗಿ ಎದ್ದವು. ಪಕ್ಕದ ಮನೆಯವರ ಟಿ.ವಿ. ಸಹ ನನ್ನೊಡನೆ ಜೋಡಿಯಾಗಲು ಸಿದ್ಧವಾಗಿ ನಿಂತಿತ್ತು. ನಾನು ಗಾಬರಿಯಲ್ಲಿ ಎಲ್ಲದಕ್ಕೂ ಓಕೆ ಒತ್ತಿದೆ. ಅಷ್ಟರಲ್ಲಿ ನನ್ನ ಕಿವಿಯೊಳಗೆ ಒಬ್ಬ ಹೆಂಗಸು "ಕನೆಕ್ಟೆಡ್" ಎಂದಳು. ಎಷ್ಟು ಮೃದುವಾಗಿ ಎಂದರೆ, ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಆ ಶ್ರುತಿಯಲ್ಲಿ ಯಾರೂ ನನ್ನೊಡನೆ ಮಾತಾಡಿರಲಿಲ್ಲ.

"ಎಂತಕ್ ನಗಾಡ್ತ್ರಿ?" ಎಂದಳು ಜಲಜ.

"ಒಳಗೆ ಒಬ್ಳ್ ಮಾತಾಡ್ದಳ್."

"ನಿಮ್ ಕೆಮಿಯಂಗೆ ಹೆಣ್ಣಾ? ತೆಗೀನಿ ಅದ್ನ!" ಅವಳ ಕೈ ನನ್ನ ಕಿವಿಗೇ ಬಂತು.

ಇಷ್ಟರಲ್ಲಿ ಜಲಜಳ ಅಣ್ಣ, ಅಂದರೆ ನನ್ನ ಭಾವ ಚಂದ್ರ, ಮುಂಬಯಿಯಿಂದ ತನ್ನ ಹೊಸ ಕಾರನ್ನು ತಾನೇ ಓಡಿಸಿಕೊಂಡು ಬಂದಿಳಿದ. ಶನಿವಾರ ಸಂಜೆ ನಮ್ಮನ್ನೆಲ್ಲ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದ. ಹಾಡು ಹಾಕಲೆಂದು ಸ್ವಾತಿ ನನ್ನ ಫೋನನ್ನು ಕಾರಿಗೂ ಜೋಡಿಸಿದಳು. ಅಲ್ಲಿಯೂ ಏನೋ ಕೇಳಿತು, ಅಲ್ಲಿಯೂ ಓಕೆ ಒತ್ತಿದೆ. ಒಂದೇ ಫೋನಿಗೆ ಎಷ್ಟು ಜೋಡಿ ಎಂಬುದು ನನಗೆ ಕೊನೆಗೂ ಅರ್ಥವಾಗಲಿಲ್ಲ.

ಮರುದಿನ ಭಾನುವಾರ ಎಲ್ಲರೂ ಸಾಸ್ತಾನದ ಚಿಕ್ಕಮ್ಮನ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಚಿಕ್ಕಮ್ಮ ಒಳ್ಳೆಯವರೇ. ಆದರೆ ಅದೇ ಭಾನುವಾರ ಕೋಡಿಯ ನನ್ನ ಗೆಳೆಯ ಕಿಟ್ಟ ದೋಣಿ ಬಿಡುವವನಿದ್ದ. ಕಾಣೆ ಮೀನು ಬಿದ್ದರೆ ಫೋನು ಮಾಡುತ್ತೇನೆ, ಒಲೆ ಹತ್ತಿಸಿಟ್ಟಿರುತ್ತೇನೆ, ಒಬ್ಬನೇ ಬಾ ಎಂದಿದ್ದ. ಕಾಣೆ ಮೀನಿನ ವಿಷಯ ಬಂದಾಗ ನನ್ನ ವಿವೇಕ ಕಾಣೆಯಾಗುತ್ತದೆ. ಬೆಳಿಗ್ಗೆ ಎದ್ದವನೇ ಹೊಟ್ಟೆ ಹಿಡಿದುಕೊಂಡೆ.

"ಎಂತಾಯ್ತ್?"

"ಹೊಟ್ಟೆ ಸಮ ಇಲ್ಲೆ ಜಲಜ. ನೀವ್ ಹೋಯಿ ಬನ್ನಿ. ನಾನ್ ಮನಿಕಂತೆ."

ಜಲಜ ಹಣೆ ಮುಟ್ಟಿ ನೋಡಿದಳು. ಓಮದ ಕಷಾಯ ಕಾಸಿ ಕುಡಿಸಿದಳು. ಗಂಜಿ ಮಾಡಿ ಮುಚ್ಚಿಟ್ಟಳು. ಹತ್ತೂವರೆಗೆ ಮೂವರೂ ಅಂಗಳದಲ್ಲಿ ಕಾರು ಹತ್ತಿದರು. ಚಂದ್ರ ಭಾವ ಗಾಜು ಏರಿಸಿ, ಎ.ಸಿ. ಹಾಕಿ, ಕಾರು ಶುರು ಮಾಡಿದ. ನಾನು ಜಗಲಿಯಲ್ಲಿ ನಿಂತು, ರೋಗಿಗೆ ಶೋಭಿಸುವಷ್ಟು ಮೆಲ್ಲಗೆ ಕೈಯೆತ್ತಿದೆ.

ಅದೇ ಗಳಿಗೆಗೆ ಫೋನು ರಿಂಗಾಯಿತು. ಪರದೆಯಲ್ಲಿ ಕಿಟ್ಟನ ಹೆಸರು. ಗೋಡೆಯ ಕಡೆ ತಿರುಗಿ ಹಸಿರು ಗುರುತು ಜಾರಿಸಿದೆ.

"ಹಲೋ."

ಸದ್ದಿಲ್ಲ.

"ಹಲೋ, ಕಿಟ್ಟಾ?"

ಸದ್ದಿಲ್ಲ. ಫೋನನ್ನು ತಿರುವಿ ಹಾಕಿ ಹಿಂಬದಿಗೆ ಮಾತಾಡಿದೆ. ಕಿಸೆಯಿಂದ ಯಂತ್ರ ತೆಗೆದು ಕಿವಿಗೆ ಸಿಕ್ಕಿಸಿದೆ. ಆ ಮೃದುಭಾಷಿಣಿಯೂ ಬಾಯಿ ಬಿಡಲಿಲ್ಲ. ಪರದೆಯಲ್ಲಿ ಮಾತ್ರ ಸೆಕೆಂಡುಗಳು ಓಡುತ್ತಿದ್ದವು. ಯಾರೋ ಯಾರೊಡನೆಯೋ ಮಾತಾಡುತ್ತಿದ್ದಾರೆ, ಅದು ನಾನಲ್ಲ, ಅಷ್ಟೇ.

ತಿರುಗಿ ನೋಡಿದರೆ ಕಾರು ಹೊರಟೇ ಇರಲಿಲ್ಲ. ಗಾಜಿನೊಳಗೆ ಚಂದ್ರ ಭಾವ ಸೀಟಿನಲ್ಲಿ ಹಿಂದಕ್ಕೆ ಬಿದ್ದು ನಗುತ್ತಿದ್ದ. ಸ್ವಾತಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಜಲಜ ಮುಂದಕ್ಕೆ ಬಾಗಿ, ಕಾರಿನ ರೇಡಿಯೋಗೆ ಗಂಭೀರವಾಗಿ ಏನೋ ಹೇಳುತ್ತಿದ್ದಳು. ರೇಡಿಯೋ ಜೊತೆ ಮಾತಾಡುವ ಹೆಂಗಸು ನನ್ನ ಹೆಂಡತಿ ಅಲ್ಲ. ಏನಾಗುತ್ತಿದೆ?

ಜಲಜಳ ಕಡೆಯ ಗಾಜು ಇಳಿಯಿತು.

"ಹ್ವಾಯ್, ಕಿಟ್ಟಣ್ಣ ಊಟಕ್ಕೆ ಕರ್ದ್ರ್. ಕಾಣೆ ಸಿಕ್ಕಿತಂಬ್ರ್. ಕೋಡಿಯಂಗೆ ಉಂಡ್ಕಂಡ್, ಸಾಸ್ತಾನಕ್ಕೆ ಚಾ ಹೊತ್ತಿಗೆ ಹೋತೊ. ನೀವ್ ಗಂಜಿ ಕುಡ್ದ್ ಮನಿಕಣಿ."

"ಕಿ... ಕಿಟ್ಟ? ನಿಂಗ್ ಹ್ಯಾಂಗ್ ಸಿಕ್ದ?"

ಉತ್ತರ ಕೊಟ್ಟದ್ದು ಸ್ವಾತಿ. "ನಿಮ್ ಫೋನ್ ಕಾರಿಗೆ ಪೇರ್ ಆಯಿತಲ್ದಾ ಅಪ್ಪಯ್ಯ! ಕಾರ್ ಶುರು ಮಾಡಿದ್ ಕೂಡ್ಲೆ ಅದೇ ಹಿಡ್ಕಂತ್. ಕಿಟ್ಟ ಮಾವ ಮಾತಾಡಿದ್ದೆಲ್ಲ ಇಲ್ಲೇ ಕೇಂತ್!"

ಕಾರು ಹೋಯಿತು. ನಾನು ಜಗಲಿಯ ಕಂಬ ಹಿಡಿದು ನಿಂತೆ. ಮಾತಾಡಿದ್ದೆಲ್ಲ! ಈ "ಎಲ್ಲ" ಎಂಬುದರಲ್ಲಿ ಎಷ್ಟೆಲ್ಲ ಇದೆ? "ನಿನ್ ಹೆಂಡ್ತಿ ಹೊರಟಳಾ?" ಎಂದನೇ? "ಹೊಟ್ಟೆನೋವಿನ ನಾಟಕ ಆಯ್ತಾ?" ಎಂದನೇ? ಕಿಟ್ಟನಿಗೆ ನಾನೇ ಬಾಯಾರೆ ಹೇಳಿದ್ದ ನಾಟಕವದು. ಫೋನು ಮಾಡಿದೆ, ಆರು ಸಲ. ಅವನು ಎತ್ತಲಿಲ್ಲ. ಕೈಯೆಲ್ಲ ಮಸಾಲೆ ಇದ್ದಿರಬೇಕು.

ಗಂಜಿಯ ಪಾತ್ರೆಯ ಮುಚ್ಚಳ ತೆಗೆದೆ, ಮತ್ತೆ ಮುಚ್ಚಿದೆ. ಜಲಜ ಹೋಗುವಾಗ "ಮನಿಕಣಿ" ಎಂದ ಧಾಟಿಯನ್ನು ಮತ್ತೆ ಮತ್ತೆ ನೆನಪಿಗೆ ತಂದುಕೊಂಡೆ. ಅದರಲ್ಲಿ ಕನಿಕರವಿತ್ತೇ, ಕತ್ತಿಯಿತ್ತೇ? ಒಮ್ಮೆ ಕನಿಕರ ಅನ್ನಿಸಿತು. ಒಮ್ಮೆ ಕತ್ತಿ.

ಸಂಜೆ ಆರಕ್ಕೆ ಬಂದರು. ಮೂವರ ಮುಖದಲ್ಲೂ ಕಾಣೆ ಮೀನಿನ ಕಳೆ.

"ಹೊಟ್ಟೆ ಹ್ಯಾಂಗಿತ್ತ್ ಭಾವ?" ಎಂದ ಚಂದ್ರ. ನಗುತ್ತಿದ್ದಾನೆಯೇ? ಹೌದು. ಅಲ್ಲ, ಹಲ್ಲಿಗೆ ಮೀನಿನ ಮುಳ್ಳು ಸಿಕ್ಕಿದೆಯೋ ಏನೋ.

"ಪಾಪ, ಅಪ್ಪಯ್ಯಂಗೆ ಇನ್ನೂ ಹುಷಾರ್ ಆಯ್ದಿಲ್ಲೆ," ಎಂದಳು ಸ್ವಾತಿ. ಈ "ಪಾಪ" ಯಾವ ಜಾತಿಯದ್ದು?

ಜಲಜ ಬಾಳೆಲೆಯ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟಳು. ಹುರಿದ ಮೀನಿನ ವಾಸನೆ ನೇರ ನನ್ನ ಪ್ರಾಣಕ್ಕೆ ಬಂತು.

"ಕಿಟ್ಟಣ್ಣ ನಿಮ್ಗಂದೇಳಿ ಕಟ್ಟಿ ಕೊಟ್ರ್. ಆರೆ ಹೊಟ್ಟೆ ಸಮ ಇಲ್ದೆ ಇಪ್ಪವ್ರ್ ತಿಂಬುಕಾಗ. ಅಲ್ದಾ?"

ಆ "ಅಲ್ದಾ" ನನ್ನನ್ನು ಮುರಿಯಿತು. ಇಷ್ಟು ನಾಜೂಕಾಗಿ, ಇಷ್ಟು ಹೊತ್ತು, ಮೂವರು ಸೇರಿ ಒಬ್ಬನನ್ನು ಹುರಿಯುವುದೇ?

"ಸಾಕ್ ಜಲಜ, ಸಾಕ್! ತಪ್ಪಾಯ್ತ್. ನಂಗ್ ಹೊಟ್ಟೆನೋವೂ ಇಲ್ಲೆ, ಎಂತದೂ ಇಲ್ಲೆ. ಕೋಡಿಗೆ ಹೋಪುಕಂದೇಳಿ ಸುಳ್ಳ್ ಹೇಳಿದ್ದೆ. ಹಿಂದೆ ನಿನ್ ತಂಗಿ ಮನೆ ಪೂಜೆ ದಿನ ಬೆನ್ನುನೋವ್ ಅಂದದ್ದೂ ಸುಳ್ಳೇ. ಹಟ್ಟಿಯಂಗಡಿ ದೇವಸ್ಥಾನಕ್ಕೆ ಹೋಪ ದಿನ ಬಂದದ್ದೂ ಜ್ವರ ಅಲ್ಲ. ಎಲ್ಲ ಕಿಟ್ಟಂಗ್ ಗೊತ್ತಿತ್ತ್. ಇನ್ನ್ ಹೀಂಗ್ ಚುಚ್ಚಬೇಡ ಮಾರಾಯ್ತಿ!"

ಜಲಜ ಚಂದ್ರನ ಮುಖ ನೋಡಿದಳು. ಚಂದ್ರ ಸ್ವಾತಿಯ ಮುಖ ನೋಡಿದ.

"ಅರೇ ಭಾವ," ಎಂದ ಚಂದ್ರ ನಿಧಾನಕ್ಕೆ, "ಅಂದ್ರೆ ನಿಮ್ಗೆ ಹೊಟ್ಟೆನೋವ್ ಇರ್ಲೇ ಇಲ್ಯಾ?"

"ಕಾರಂಗೆ ಎಲ್ಲ ಕೇಂತಲ್ದಾ! ನೀವೆಲ್ಲ ನಗಾಡ್ತಾ ಇದ್ರಿ!"

"ನಂಗ್ ಹೆದ್ರಿಕೆ ಆಯ್ತ್ ಮಾರಾಯ್ರೆ, ಸ್ಟಿಯರಿಂಗಿನ ಹತ್ರ ಒಬ್ಬ ಹ್ವಾಯ್ ಅಂದ್ರೆ! ಅದ್ಕೇ ನಗು. ಅವ್ರ್ ಕಾಣೆ ಸಿಕ್ಕಿತ್ ಅಂದ್ರ್, ಅಷ್ಟೇ. ತಂಗಿ ಹಲೋ ಅಂದ್ ಕೂಡ್ಲೆ, ಎಲ್ಲರೂ ಊಟಕ್ಕೆ ಬನ್ನಿ ಅಂದ್ರ್."

ಜಲಜಳ ಕಣ್ಣು ಮೊದಲು ತುಂಬಿತು, ಆಮೇಲೆ ಕಿರಿದಾಯಿತು. "ಉಣ್ಣುವಾಗ ಒಂದ್ ತುತ್ತೂ ಗಂಟ್ಲಲ್ಲಿ ಇಳೀಲಿಲ್ಲೆ ನಂಗೆ. ಮನೆಯಂಗೆ ಗಂಡ ಹೊಟ್ಟೆನೋವಲ್ಲಿ ಬಿದ್ಕಂಡಿದ್ರ್ ಅಂದೇಳಿ," ಎಂದವಳು, ಬಾಳೆಲೆಯ ಪೊಟ್ಟಣವನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೊರಟಳು. ಬಾಗಿಲಲ್ಲಿ ನಿಂತು ತಿರುಗಿದಳು. "ಹಟ್ಟಿಯಂಗಡಿ ಜ್ವರದ್ ವಿಷಯ ಬಂದ್ ಕೇಂತೆ. ಎಲ್ಲಿಗೂ ಹೋಗ್ಬೇಡಿ."

ಆಗ ನನ್ನ ಫೋನು ರಿಂಗಾಯಿತು. ಕಿಟ್ಟ. ಹೊರಗೆ ಕಾರು ಬಂದ್ ಆಗಿತ್ತು, ಕಿವಿಯ ಯಂತ್ರ ಎಲ್ಲೋ ಬಿದ್ದಿತ್ತು. ಎತ್ತಿ ಕಿವಿಗಿಟ್ಟೆ. ಹೊಸ ಫೋನಿನಲ್ಲಿ ಮೊದಲ ಸಲ ಒಬ್ಬ ಮನುಷ್ಯನ ಮಾತು ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಕೇಳಿಸಿತು.

"ಹ್ವಾಯ್, ಹೆದ್ರಬೇಡ ಮಾರಾಯ. ಜಲಜಕ್ಕಂಗೆ ಎಂತದೂ ಗೊತ್ತಾಯ್ಲಿಲ್ಲೆ. ನೀನ್ ಬಾಯ್ ಮುಚ್ಕಂಡ್ ಇದ್ರೆ ಸಾಕ್."