ಹಲ್ಲಿನ ಬಣ್ಣ ಬದಲಾದುದನ್ನು ಕೋತ್ವಾಲರ ದಫ್ತರದಲ್ಲಿ ತಿದ್ದುವ ಬಗ್ಗೆ

ಇಂದ,
ತುಂಗಾಬಾಯಿ, ವಯಸ್ಸು 73,
ಕೋಣೆ ಸಂಖ್ಯೆ 14, ಮಠದ ವಸತಿಗೃಹ,
ಜಂಗಮವಾಡಿ, ಕಾಶಿ.
(ಅರ್ಜಿದಾರರಿಗೆ ಬರೆಯಲು ಬಾರದ ಕಾರಣ ಬರೆದುಕೊಟ್ಟವರು: ಪಕ್ಕದ ಕೋಣೆಯ ಚಂದ್ರಶೇಖರಯ್ಯ, ಸಿರಾ ತಾಲೂಕು ಕಚೇರಿಯ ನಿವೃತ್ತ ಗುಮಾಸ್ತ.)

ಗೆ,
ಶ್ರೀ ಕಾಲಭೈರವ ಸ್ವಾಮಿಯವರು,
ಕಾಶಿ ಕ್ಷೇತ್ರದ ಕೋತ್ವಾಲರು,
ಅವರ ದಿವ್ಯ ಸನ್ನಿಧಾನಕ್ಕೆ.

ವಿಷಯ: ಅರ್ಜಿದಾರರ ಗುರುತಿನ ಚಿಹ್ನೆ ‘ಕಪ್ಪು ಹಲ್ಲು’ ಎಂದಿರುವುದನ್ನು ‘ಬಿಳಿ ಹಲ್ಲು’ ಎಂದು ತಿದ್ದಿ, ಮೇಲಿರುವ ಪತಿಯವರಿಗೆ ಮುಂಚಿತವಾಗಿ ತಿಳಿಸುವ ಕುರಿತು.

ಉಲ್ಲೇಖ: (1) ಪತಿಯವರ ಮೌಖಿಕ ಹೇಳಿಕೆ, ದಶಾಶ್ವಮೇಧ ಘಾಟಿನ ಪೊಲೀಸ್ ಚೌಕಿ, 1994ರ ಕಾರ್ತಿಕ ಹುಣ್ಣಿಮೆ. (2) ದಂತವೈದ್ಯೆ ಡಾ. ರೇಖಾ ಅವರ ಚೀಟಿ, ಈ ತಿಂಗಳ ಮೂರನೇ ತಾರೀಕು.

ಮಾನ್ಯರೇ,

ಈ ಊರಿನಲ್ಲಿ ಇರಲಿಕ್ಕೂ, ಇಲ್ಲಿಂದ ಮೇಲೆ ಹೋಗಲಿಕ್ಕೂ ತಮ್ಮ ಅಪ್ಪಣೆ ಬೇಕೆಂಬುದು ಎಲ್ಲರಿಗೂ ತಿಳಿದ ವಿಷಯ. ಆ ಕಾರಣ ಈ ಅರ್ಜಿ ತಮಗೇ. ಬರೆಯುವವರು ಮೂವತ್ತೊಂದು ವರ್ಷ ಅರ್ಜಿಗಳನ್ನು ಸ್ವೀಕರಿಸಿದವರು. ಇಂಥದ್ದು ಬಂದಿದ್ದರೆ ಹರಿದು ಬುಟ್ಟಿಗೆ ಹಾಕುತ್ತಿದ್ದರು. ತಾವು ಹಾಗೆ ಮಾಡಬಾರದಾಗಿ ವಿನಂತಿ.

1. ಅರ್ಜಿದಾರರು ಇಂಡಿ ತಾಲೂಕಿನವರು. ಹನ್ನೆರಡನೇ ವಯಸ್ಸಿನಿಂದ ಮಿಶ್ರಿಯನ್ನು, ಅಂದರೆ ಹುರಿದು ಪುಡಿ ಮಾಡಿದ ತಂಬಾಕನ್ನು, ದಿನಕ್ಕೆ ಮೂರು ಸಲ ಹಲ್ಲಿಗೆ ತಿಕ್ಕಿದವರು. ಆದ್ದರಿಂದ ಹಲ್ಲುಗಳು ಸೌದೆ ಒಲೆಯ ಪಾತ್ರೆಯ ತಳದಂತಿದ್ದವು. ಪತಿಯವರ ಹೆಸರು ನಾಗಲಿಂಗಪ್ಪ. ಅರ್ಜಿದಾರರು ಎಷ್ಟು ಕೇಳಿದರೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಕಾರಣ, ಆಧಾರ್ ಕಾರ್ಡ್ ನೋಡಿ ಬರೆಯಲಾಗಿದೆ.

2. 1994ರಲ್ಲಿ ಇಬ್ಬರೂ ಯಾತ್ರೆಗೆಂದು ಇಲ್ಲಿಗೆ ಬಂದಾಗ, ಹುಣ್ಣಿಮೆಯ ಜಂಗುಳಿಯಲ್ಲಿ ಅರ್ಜಿದಾರರು ಕಳೆದುಹೋದರು. ಪತಿಯವರು ಚೌಕಿಗೆ ಓಡಿ, ತಮಗೆ ಬರುತ್ತಿದ್ದ ಅಷ್ಟೂ ಹಿಂದಿಯನ್ನು ಖರ್ಚು ಮಾಡಿ, “ಔರತ್. ದಾಂತ್ ಕಾಲಾ” ಎಂದು ಬರೆಸಿದರು. ಪೊಲೀಸರು ಮೈಕಿನಲ್ಲಿ ಕೂಗಿ, ಕಳೆದುಹೋಗಿದ್ದ ಹನ್ನೊಂದು ಹೆಂಗಸರನ್ನು ಸಾಲಾಗಿ ತಂದು ನಿಲ್ಲಿಸಿದರು. ಇದು ಪಾನ್ ತಿನ್ನುವ ಊರು. ಪತಿಯವರು ಒಬ್ಬೊಬ್ಬರ ಬಾಯಿಯನ್ನೂ ಬಗ್ಗಿ ನೋಡುತ್ತಾ, “ಇವು ಕೆಂಪು ಅದಾವ್ರೀ ಸಾಹೇಬರ, ನಮ್ಮಾಕೀವು ಕರೀವು” ಎನ್ನುತ್ತಾ ಹೋದರು. ಕೊನೆಗೆ ಹನ್ನೆರಡನೆಯವರಾಗಿ ಬಂದು ಸೇರಿದವರೇ ಅರ್ಜಿದಾರರು. ಆಮೇಲೆ ಪತಿಯವರು, “ಈ ಹಲ್ಲು ಹಿಂಗ ಇರಲಿ. ಬೆಳ್ಳಗಾದ್ರ ನಿನ್ನ ಎಲ್ಲಿ ಅಂತ ಹುಡುಕಲಿ?” ಎಂದರು. ಅರ್ಜಿದಾರರು ಒಪ್ಪಿ ಮಾತು ಕೊಟ್ಟರು. ಪತಿಯವರು ತೀರಿಕೊಂಡು ಹನ್ನೊಂದು ವರ್ಷವಾಯಿತು.

3. ಮಠದ ಅಡುಗೆಯ ಭೀಮಪ್ಪನವರ ಮಗಳು ರೇಖಾ ಇಲ್ಲೇ ಹುಟ್ಟಿ, ಇಲ್ಲೇ ಓದಿ, ಈ ತಿಂಗಳು ಸೋನಾರಪುರದಲ್ಲಿ ಹಲ್ಲಿನ ದವಾಖಾನೆ ತೆರೆದರು. ಪೂಜೆಯಲ್ಲಿ ಅರ್ಜಿದಾರರು ವಿಧವೆಯರು ನಿಲ್ಲುವ ವಾಡಿಕೆಯಂತೆ ಗೋಡೆಯ ಪಕ್ಕ, ಚಪ್ಪಲಿಗಳ ಹತ್ತಿರ ನಿಂತಿದ್ದರು. ಡಾಕ್ಟರು ಎಲ್ಲರನ್ನೂ ದಾಟಿ ಬಂದು ಕೈ ಹಿಡಿದು, “ಅಜ್ಜಿ, ಬೋಹನೀ ನಿಮ್ದೇ ಆಗ್ಬೇಕು. ಬಸ್, ಕುರ್ಸಿ ಮೇಲೆ ಕೂತ್ಕೊಳ್ಳಿ” ಎಂದರು. ಅಂದರೆ ಮೊದಲ ಗಿರಾಕಿ. ಹನ್ನೊಂದು ವರ್ಷದಿಂದ ಅರ್ಜಿದಾರರನ್ನು ಯಾರೂ ಯಾವುದಕ್ಕೂ ಮೊದಲು ಕರೆದಿರಲಿಲ್ಲ. ಆದ್ದರಿಂದ ಡಾಕ್ಟರು ಕೇಳಿದ್ದಕ್ಕೆಲ್ಲ ಹೂಂ ಎಂದರು. ಮೊದಲು ಕೆರೆದರು, ಹೂಂ. ಒಸಡಿಗೆ ಲೇಪ ಹಚ್ಚಿದರು, ಹಲ್ಲಿಗೆ ಬಿಳಿ ಮುಲಾಮು ಬಳಿದರು, ಕಣ್ಣಿಗೆ ಕನ್ನಡಕ ಹಾಕಿ ನೀಲಿ ದೀಪ ಹಿಡಿದರು, ಹೂಂ. ಕನ್ನಡಿ ಕೊಟ್ಟ ಮೇಲೆಯೇ ಅರ್ಜಿದಾರರಿಗೆ ಕೊಟ್ಟ ಮಾತು ನೆನಪಾಯಿತು.

4. ಪರಿಣಾಮಗಳು. ಒಂಬತ್ತು ವರ್ಷದಿಂದ ಚಹಾ ಕೊಡುವ ಗಲ್ಲಿಯ ಚಹಾದವನು “ನಯೀ ಆಯೀ ಹೈಂ ಕಾ, ಮಾತಾಜೀ?” ಎಂದು, ಅಂದರೆ ಊರಿಗೆ ಹೊಸಬರೇ ಎಂದು, ಕೇಳಿದನು. ಎದುರು ಕೋಣೆಯ ಶ್ಯಾಮಲಾ ಅವರು ಕಟ್ಟಿಸಿದ ಹಲ್ಲೆಂದು ತಿಳಿದು, ತೆಗೆದು ತೋರಿಸಲು ಒತ್ತಾಯಿಸಿದರು. ಕೋತಿಗಳಿಗೆ ಹಲ್ಲು ತೋರಿಸುವುದು ಜಗಳಕ್ಕೆ ಕರೆದಂತೆ. ಶ್ಯಾಮಲಾ ಅವರಿಗೆಂದು ಬಾಯಿ ತೆರೆದಾಗ ಮಾಳಿಗೆಯ ಮೂರು ಕೋತಿಗಳು ತಪ್ಪು ತಿಳಿದು, ಅರ್ಜಿದಾರರನ್ನು ಸ್ನಾನದ ಮನೆಯವರೆಗೆ ಅಟ್ಟಿಸಿಕೊಂಡು ಹೋದವು. ಕಾರಣ, ಅಂದಿನಿಂದ ಅರ್ಜಿದಾರರು ಬಾಯಿಗೆ ಸೆರಗು ಹಿಡಿದೇ ಇದ್ದಾರೆ. ನಗುವುದನ್ನೂ ಬಿಟ್ಟಿದ್ದಾರೆ. ಇವತ್ತಿಗೆ ಇಪ್ಪತ್ತೆರಡು ದಿನ.

5. “ಮತ್ತ ಮೊದಲಿನಂಗ ಕರೀ ಮಾಡವ್ವ” ಎಂದು ಬೇಡಿಕೊಂಡಾಗ ಡಾಕ್ಟರು, “ಅಜ್ಜಿ, ಕಾಲಾ ಕರ್‌ನೇ ಕಾ ಮಷೀನ್ ನಹೀಂ ಆತಾ” ಎಂದರು. ಅಂದರೆ ಕಪ್ಪು ಮಾಡುವ ಯಂತ್ರ ಬರುವುದಿಲ್ಲ. ಮಿಶ್ರಿ ತಿಕ್ಕಿ ಹಳೆಯ ಬಣ್ಣಕ್ಕೆ ಬರಲು ವರ್ಷಗಳೇ ಬೇಕು. ಅಷ್ಟರೊಳಗೆ ತಮ್ಮಿಂದ ಕರೆ ಬಂದುಬಿಟ್ಟರೆ, ಮೇಲೆ ಪತಿಯವರು ಹಲ್ಲು ನೋಡಿ “ಈಕಿ ನಮ್ಮಾಕಿ ಅಲ್ಲ” ಎಂದುಬಿಡುತ್ತಾರೆ ಎಂಬುದೇ ಅರ್ಜಿದಾರರ ಭಯ. ಈ ಭಯದಿಂದ ಊಟ ಸೇರುತ್ತಿಲ್ಲ. ಇದನ್ನು ಬರೆಯಬೇಡಿ ಎಂದರು. ಬರೆದಾಗಿದೆ.

6. ಪತಿಯವರು ಇಂಡಿಯಲ್ಲಿ ತೀರಿಕೊಂಡ ಕಾರಣ, ಪ್ರಕರಣದ ಅರ್ಧ ಭಾಗ ತಮ್ಮ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಒಂದು ಪ್ರತಿಯನ್ನು ಯಮಧರ್ಮರ ಕಚೇರಿಗೂ ಕಳಿಸಲಾಗಿದೆ. ಎರಡು ಕಚೇರಿಗಳೂ ಇದು ಅವರದೆಂದು ಪರಸ್ಪರ ತೋರಿಸಬಾರದು.

ಆದ್ದರಿಂದ ಮೇಲ್ಕಂಡ ಕಾರಣಗಳನ್ನು ಮನಗಂಡು, ದಫ್ತರದಲ್ಲಿ ತಿದ್ದುಪಡಿ ಮಾಡಿಕೊಡಬೇಕಾಗಿ ಪ್ರಾರ್ಥನೆ.

ತಮ್ಮ ಅಪ್ಪಣೆಯಲ್ಲೇ ಬದುಕಿರುವ ವಿಶ್ವಾಸಿ,
ತುಂಗಾಬಾಯಿ
(ಎಡಗೈ ಹೆಬ್ಬೆಟ್ಟಿನ ಗುರುತು)

ಅಡಕ:
1) ಚಿಕಿತ್ಸೆಗೆ ಮುಂಚಿನ ಭಾವಚಿತ್ರ, ಬಾಯಿ ಮುಚ್ಚಿರುವುದು.
2) ಚಿಕಿತ್ಸೆಯ ನಂತರದ್ದು, ಸೆರಗು ಹಿಡಿದಿರುವುದು.
3) ಮಿಶ್ರಿ ಡಬ್ಬಿ, ಅರ್ಧ ಖಾಲಿ.

ಷರಾ: ಹೆಬ್ಬೆಟ್ಟು ಒತ್ತಿಸಿದ ಮೇಲೆ ಬರೆಯುವವರಿಗೆ ಒಂದು ಸಂಶಯ ಬಂದು, “ಅವತ್ತು ಚೌಕಿಯಲ್ಲಿ ನಿಮ್ಮ ಬಾಯಿ ನೋಡಿದ ಕೂಡಲೇ ಗುರುತು ಹಿಡಿದ್ರಾ ತಾಯಿ?” ಎಂದು ಕೇಳಲಾಗಿ, ಅರ್ಜಿದಾರರ ಹೇಳಿಕೆ ಹೀಗಿದೆ: “ನನ್ನ ಬಾಯಿ ಎಲ್ಲಿ ನೋಡಿದ್ರರೀ? ಹನ್ನೊಂದನೇದಾಕಿ ಬಾಯಾಗ ಬಗ್ಗಿ ನೋಡಾಕ ಹತ್ತಿದ್ರು. ಅದನ್ನ ನೋಡಿ ನಾ ಹಿಂದ ನಿಂತು ನಕ್ಕೆ. ಹೊಳ್ಳಿ ಸೈತ ನೋಡಲಿಲ್ಲ, ‘ಬಂದ್ಯಾ?’ ಅಂದ್ರು.” (ಹೊಳ್ಳಿ ಅಂದರೆ ತಿರುಗಿ.) ಇಷ್ಟು ಹೇಳಿ ಅರ್ಜಿದಾರರು ಸೆರಗು ಬಿಟ್ಟು ಜೋರಾಗಿ ನಕ್ಕರು. ಕೋತಿಗಳು ಬಂದವು.

ಆ ಕಾರಣ ಮೇಲೆ ಕೋರಿದ ತಿದ್ದುಪಡಿಯನ್ನು ಕೈಬಿಡಲಾಗಿದೆ. ಅದರ ಬದಲು, ಅರ್ಜಿದಾರರು ಬಂದು ತಲುಪುವ ದಿನ ಶ್ರೀ ನಾಗಲಿಂಗಪ್ಪನವರನ್ನು ಬಾಗಿಲ ಕಡೆ ಬೆನ್ನು ಮಾಡಿ ಕೂರಿಸಬೇಕಾಗಿ ಕೋರಿಕೆ. ಮುಂದಿನದನ್ನು ಅರ್ಜಿದಾರರು ನೋಡಿಕೊಳ್ಳುತ್ತಾರೆ.